ಕುಡಿದ ನೀರು ಎಲ್ಲಿ ಹೋಗುತ್ತದೆ? ಆ ಹಾರ್ಮೋನಿನ ಗುಟ್ಟು ಬಿಡಿಸಿದ ವಿನ್ಸೆಂಟ್ ಡು ವಿನ್ಯೋ

ದಿನಕ್ಕೆ ಇಷ್ಟು ಲೋಟ ನೀರು ಕುಡಿಯಲೇಬೇಕು ಎನ್ನುವ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರುತ್ತದೆ. ನಮಗಂತೂ ವಾರಕ್ಕೊಮ್ಮೆ ಬರುತ್ತದೆ. ಲೋಟದ ಲೆಕ್ಕ ನಾವು ಇಡಬಹುದು, ಆದರೆ ಅದರಲ್ಲಿ ಎಷ್ಟು ಮೈಯಲ್ಲಿ ಉಳಿಯಬೇಕು ಎಂಬ ಲೆಕ್ಕ ಮೆದುಳಿನದು.

ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಹೊರಹೋಗುವುದು ಒಂದೂವರೆ-ಎರಡು ಲೀಟರ್, ಉಳಿದದ್ದು ರಕ್ತಕ್ಕೆ ವಾಪಸ್. ಕೊನೆಯ ಹಂತದಲ್ಲಿ ಎಷ್ಟು ನೀರು ವಾಪಸ್ ಬರಬೇಕೆಂದು ಹೇಳುವುದು ವ್ಯಾಸೋಪ್ರೆಸಿನ್ ಎಂಬ ಹಾರ್ಮೋನು. ಮೆದುಳಿನ ಹೈಪೋಥಲಾಮಸ್‌ನಲ್ಲಿ ತಯಾರಾಗಿ, ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ರಕ್ತಕ್ಕೆ ಇಳಿಯುತ್ತದೆ. ರಕ್ತದಲ್ಲಿ ಉಪ್ಪಿನಂಶ ಏರಿದರೆ ಇದು ಹೆಚ್ಚು ಬರುತ್ತದೆ, ನೀರು ಹೆಚ್ಚಾದರೆ ಕಡಿಮೆಯಾಗುತ್ತದೆ. (ಮದ್ಯ ಇದನ್ನು ತಡೆಯುತ್ತದೆ. ಕುಡಿದವರು ಪದೇ ಪದೇ ಎದ್ದು ಹೋಗುವುದು ಅದಕ್ಕೇ.)

ಇದರ ರಚನೆ ಬಿಡಿಸಿದವರು ಅಮೆರಿಕದ ವಿನ್ಸೆಂಟ್ ಡು ವಿನ್ಯೋ. 1901ರಲ್ಲಿ ಚಿಕಾಗೋದಲ್ಲಿ ಹುಟ್ಟಿದರು. ಇನ್ಸುಲಿನ್‌ನಲ್ಲಿರುವ ಗಂಧಕದ ಮೇಲೆ 1927ರಲ್ಲಿ ಡಾಕ್ಟರೇಟ್ ಪಡೆದರು. ಆ ಗಂಧಕದ ಬೆನ್ನು ಹತ್ತಿದವರು ಜೀವನಪೂರ್ತಿ ಬಿಡಲಿಲ್ಲ. 1938ರಲ್ಲಿ ನ್ಯೂಯಾರ್ಕ್‌ನ ಕಾರ್ನೆಲ್ ವೈದ್ಯಕೀಯ ಕಾಲೇಜು ಸೇರಿ, ದನ ಮತ್ತು ಹಂದಿಗಳ ಪಿಟ್ಯುಟರಿಯಿಂದ ಹಾರ್ಮೋನುಗಳನ್ನು ಬೇರ್ಪಡಿಸತೊಡಗಿದರು. ಮೊದಲು ಸಿಕ್ಕಿದ್ದು ಹೆರಿಗೆಗೆ ನೆರವಾಗುವ ಆಕ್ಸಿಟೋಸಿನ್. 1953ರಲ್ಲಿ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. ಆಮೇಲೆ ವ್ಯಾಸೋಪ್ರೆಸಿನ್. ಎರಡೂ ಒಂಬತ್ತು ಅಮೈನೋ ಆಮ್ಲಗಳ ಪುಟ್ಟ ಸರಗಳು, ಮಧ್ಯೆ ಗಂಧಕದ ಕೊಂಡಿ. ವ್ಯತ್ಯಾಸ ಎರಡೇ ಮಣಿಗಳದ್ದು! ಅಷ್ಟಕ್ಕೇ ಒಂದು ಗರ್ಭಾಶಯಕ್ಕೆ, ಇನ್ನೊಂದು ಮೂತ್ರಪಿಂಡಕ್ಕೆ. 1955ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಇದರಿಂದ ಯಾರಿಗೆ ಲಾಭ? ವ್ಯಾಸೋಪ್ರೆಸಿನ್ ಉತ್ಪಾದನೆಯೇ ಕುಂದಿದವರಿಗೆ. ಅವರ ಸಕ್ಕರೆ ಪರೀಕ್ಷೆ ಸರಿಯಾಗಿಯೇ ಇರುತ್ತದೆ, ಆದರೆ ಕಾಯಿಲೆ ತೀವ್ರವಾದರೆ ದಿನಕ್ಕೆ ಹತ್ತು ಲೀಟರ್‌ಗೂ ಹೆಚ್ಚು ಮೂತ್ರ ಹೋಗಬಹುದು. ಕಡಿಮೆ ನೀರು ಕುಡಿ ಎಂದು ಮನೆಯವರು ತಡೆದರೆ ಜೀವಕ್ಕೇ ಅಪಾಯ. ಹಿಂದೆ ಇಂಥವರು ಪ್ರಾಣಿಗಳ ಪಿಟ್ಯುಟರಿ ಒಣಗಿಸಿದ ಪುಡಿಯನ್ನು ನಶ್ಯದಂತೆ ಮೂಗಿಗೆ ಏರಿಸಬೇಕಿತ್ತು. ಅದು ಕೆಲವರಿಗೆ ಅಲರ್ಜಿ ತರುತ್ತಿತ್ತು. ಸರದ ರಚನೆ ತಿಳಿದದ್ದರಿಂದ ಅದನ್ನೇ ಸ್ವಲ್ಪ ತಿದ್ದಿ, 1967ರಲ್ಲಿ ಪ್ರಾಗ್‌ನಲ್ಲಿ ಡೆಸ್ಮೋಪ್ರೆಸಿನ್ ತಯಾರಾಯಿತು.

ಡು ವಿನ್ಯೋ 1974ರಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ ಕೆಲಸ ನಿಲ್ಲಿಸಿದರು. 1978ರ ಡಿಸೆಂಬರ್ 11ರಂದು ತೀರಿಕೊಂಡರು. ಡೆಸ್ಮೋಪ್ರೆಸಿನ್ ಇಂದು ಮಾತ್ರೆಯಾಗಿಯೂ ಮೂಗಿನ ಸ್ಪ್ರೇ ಆಗಿಯೂ ಸಿಗುತ್ತದೆ. ಅದನ್ನು ತೆಗೆದುಕೊಳ್ಳುವವರು ಮಾತ್ರ ಫಾರ್ವರ್ಡ್ ನೋಡಿ ಲೋಟಗಟ್ಟಲೆ ನೀರು ಕುಡಿಯಬಾರದು. ನೀರು ಒಳಗೇ ನಿಂತು ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು.