ಯಾವ ಪಡೆ? – ಇಂದ್ರಲಾಲ್ ರಾಯ್
ಈ ಸಂಚಿಕೆಗೆ ನಾನು ಆರಿಸಿಕೊಂಡದ್ದು ಇಂದ್ರಲಾಲ್ ರಾಯ್‌ನ ಬದುಕು. ಹುಟ್ಟಿದ್ದು 1898ರಲ್ಲಿ, ಕಲ್ಕತ್ತೆಯಲ್ಲಿ, ಓದಿದ್ದು ಲಂಡನ್ನಿನಲ್ಲಿ. ಮೊದಲ ಮಹಾಯುದ್ಧದ ಕಾಲ. ಅಣ್ಣ ಪರೇಶಲಾಲ್ ನೆಲದ ಸೈನ್ಯ ಸೇರಿದ. ತಮ್ಮನಿಗೆ ಆಕಾಶವೇ ಬೇಕು. ಬ್ರಿಟನ್ನಿನಲ್ಲಿ ಆಗ ಹಾರುವವರಿಗೆ ಎರಡು ಬಾಗಿಲು: ಭೂಸೈನ್ಯದ ರಾಯಲ್ ಫ್ಲೈಯಿಂಗ್ ಕೋರ್, ಇನ್ನೊಂದು ನೌಕಾಪಡೆಯ ವಿಮಾನ ವಿಭಾಗ. ಇವನು ಮೊದಲನೆಯದನ್ನು ತಟ್ಟಿದ. ಕಣ್ಣು ಸರಿಯಿಲ್ಲವೆಂದು ಬೇಡವೆಂದರು. ಹುಡುಗ ಬಿಡಲಿಲ್ಲ, ಮೋಟಾರ್ ಸೈಕಲ್ ಮಾರಿ ದೊಡ್ಡ ಕಣ್ಣಿನ ಡಾಕ್ಟರಿಗೆ ತೋರಿಸಿದನಂತೆ. 1917ರಲ್ಲಿ ಸೇರಿಯೇಬಿಟ್ಟ.

ಡಿಸೆಂಬರಿನಲ್ಲಿ ವಿಮಾನ ಬಿದ್ದು ಗಾಯವಾಯಿತು. ಇನ್ನು ಹಾರುವಂತಿಲ್ಲ ಅಂದರು. ಹಟ ಹಿಡಿದು ಒಪ್ಪಿಸಿದ. ಅಷ್ಟರಲ್ಲಿ, 1918ರ ಏಪ್ರಿಲ್ 1ರಂದು, ಎರಡೂ ವಿಭಾಗ ಕೂಡಿ ರಾಯಲ್ ಏರ್ ಫೋರ್ಸ್ ಆದವು. ಸೇರಿದ ಪಡೆಯ ಹೆಸರೇ ಅಳಿಯಿತು, ಹಾರಾಟ ಉಳಿಯಿತು. ಜುಲೈನಲ್ಲಿ ಫ್ರಾನ್ಸಿನ ಮೇಲೆ ಎರಡೇ ವಾರದಲ್ಲಿ 10 ಗೆಲುವು. 22ರಂದು ವಿಮಾನ ಉರಿದು ಬಿತ್ತು. ವಯಸ್ಸು 19, ನಮ್ಮದೇ ವಯಸ್ಸು. ಯುದ್ಧ ಮಾತ್ರ ಪರರದು. ಸತ್ತ ಮೇಲೆ ಡಿ.ಎಫ್.ಸಿ. ಪದಕ ಬಂತು, ಭಾರತೀಯನೊಬ್ಬನಿಗೆ ಮೊತ್ತಮೊದಲು.

ಇಂದು ನಮ್ಮ ಮೂರು ಪಡೆಗಳಲ್ಲೂ ಪೈಲಟ್‌ಗಳಿದ್ದಾರೆ. ಗೆಳೆಯರೇ, ಸಮವಸ್ತ್ರದ ಬಣ್ಣ ಆಮೇಲೆ ಕೇಳೋಣ; ಯಾರಿಗಾಗಿ, ಯಾವ ಬೆಲೆಗೆ ಹಾರುತ್ತೇವೆ ಅನ್ನೋದನ್ನ ಮೊದಲು ಕೇಳಿಕೊಳ್ಳೋಣ.