ವಿಶ್ವೇಶ್ವರಯ್ಯನವರನ್ನು ಓದಿಸಿದವರು



ಸೆಪ್ಟೆಂಬರ್ 15 ಬಂತೆಂದರೆ ನಮಗೆಲ್ಲ ಸರ್ ಎಂ. ವಿಶ್ವೇಶ್ವರಯ್ಯನವರ ನೆನಪು. ಅದು ಅವರು ಹುಟ್ಟಿದ ದಿನ, ಎಂಜಿನಿಯರುಗಳ ದಿನ. ಟೆಸ್ಟಿನಲ್ಲಿ ಮಾರ್ಕ್ಸ್ ಕಡಿಮೆ ಬಂದ ದಿನವೂ ಅವರ ನೆನಪು ತಪ್ಪದೆ ಬರುತ್ತದೆ! ಅವರು ಬೀದಿ ದೀಪದ ಕೆಳಗೆ ಕೂತು ಓದಿದರು, ಮನೇಲಿ ಕರೆಂಟಿದ್ದೂ ನಿನಗೇನು ಕಷ್ಟ ಅಂತ ಬೈಸಿಕೊಳ್ಳದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಆ ಹುಡುಗನಿಗೆ ಊಟ ಹಾಕಿದವರು ಯಾರು, ಖರ್ಚಿಗೆ ದುಡ್ಡು ಎಲ್ಲಿಂದ ಬಂತು ಅನ್ನುವುದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಅದನ್ನೇ ಇಲ್ಲಿ ಬರೆದಿದ್ದೇನೆ.

ಅವರ ಊರು ನಂದಿಬೆಟ್ಟದ ಹತ್ತಿರದ ಮುದ್ದೇನಹಳ್ಳಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಬಲ್ಲವರು. ತಾಯಿ ವೆಂಕಟಲಕ್ಷ್ಮಮ್ಮ. ಮೊದಲು ಓದಿದ್ದು ಚಿಕ್ಕಬಳ್ಳಾಪುರದಲ್ಲಿ. ಹುಡುಗನಿಗೆ ಹದಿನಾರು ತುಂಬುವ ಮೊದಲೇ ತಂದೆ ತೀರಿಕೊಂಡರು. ಮನೆಯಲ್ಲಿ ಸಿರಿತನ ಇರಲಿಲ್ಲ. ಇಂಥ ಹೊತ್ತಿನಲ್ಲಿ ಎಷ್ಟೋ ಮನೆಗಳಲ್ಲಿ ಏನಾಗುತ್ತದೆ ಅಂತ ನಮಗೇ ಗೊತ್ತಿದೆ. ಓದಿದ್ದು ಸಾಕು, ಇನ್ನು ದುಡಿ ಅನ್ನುತ್ತಾರೆ. ಪೀಣ್ಯದ ಪಕ್ಕದಲ್ಲೇ ಇರುವ ನಮ್ಮ ನಾಗಸಂದ್ರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವೆಂಕಟಲಕ್ಷ್ಮಮ್ಮನವರು ಓದು ಬಿಡಿಸಲಿಲ್ಲ. ಬೆಂಗಳೂರಿನಲ್ಲಿ ಹುಡುಗನ ಸೋದರಮಾವ ರಾಮಯ್ಯನವರು ಇದ್ದರು. 1875ರಲ್ಲಿ ಅಲ್ಲಿನ ವೆಸ್ಲಿಯನ್ ಮಿಷನ್ ಹೈಸ್ಕೂಲಿಗೆ ಸೇರಿದ್ದಾಯಿತು. ಈಗ ಚಿಕ್ಕಬಳ್ಳಾಪುರದಿಂದ ದೇವನಹಳ್ಳಿ, ಯಲಹಂಕ, ಹೆಬ್ಬಾಳದ ಮೇಲೆ ಬಸ್ಸು ಬೇಗ ಬಂದುಬಿಡುತ್ತದೆ. ಆಗ ಆ ಕಡೆಗೆ ರೈಲು ಕೂಡ ಇರಲಿಲ್ಲ. ಮಗನನ್ನು ಅಷ್ಟು ದೂರ ಬಿಟ್ಟಿರೋದು ಅಂದರೆ ಸುಮ್ಮನೆ ಅಲ್ಲ.

ಮುಂದೆ ಸೆಂಟ್ರಲ್ ಕಾಲೇಜು. ಆಗ ಅವರು ಕೊಡಗಿನ ಕಡೆಯ ಒಂದು ಮನೆಯ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದರು. ಆ ದುಡ್ಡೇ ಓದಿನ ಖರ್ಚಿಗೆ ಆಯಿತು. ರಾತ್ರಿ ಮಲಗುವುದು ಪಾಠ ಹೇಳುವ ಮನೆಯಲ್ಲಿ, ಊಟ ಮಾವನ ಮನೆಯಲ್ಲಿ. ಇದನ್ನು ನೋಡಿದರೆ ಒಬ್ಬರೇ ಎಲ್ಲ ಮಾಡಿದ್ದಲ್ಲ ಅಂತ ಕಾಣುತ್ತದೆ. ತಾಯಿ ಬಿಟ್ಟುಕೊಟ್ಟರು, ಮಾವ ಊಟ ಹಾಕಿದರು, ಪಾಠದ ಮನೆಯವರು ಜಾಗ ಕೊಟ್ಟರು, ಉಳಿದದ್ದನ್ನು ಹುಡುಗ ದುಡಿದ. ಕಾಲೇಜಿನಲ್ಲಿ ಪ್ರಿನ್ಸಿಪಾಲ್ ಚಾರ್ಲ್ಸ್ ವಾಟರ್ಸ್ ಅವರಿಗೂ ಈ ವಿದ್ಯಾರ್ಥಿಯ ಮೇಲೆ ಬಹಳ ಪ್ರೀತಿ. ತಾಯಿ ಕೂತು ಲೆಕ್ಕ ಹೇಳಿಕೊಟ್ಟರು ಅಂತ ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಅಪ್ಪ ಅಮ್ಮಂದಿರಲ್ಲೂ ಎಷ್ಟೋ ಜನಕ್ಕೆ ಹತ್ತನೇ ಕ್ಲಾಸಿನ ಲೆಕ್ಕ ಬರುವುದಿಲ್ಲ. ಬರದಿದ್ದರೆ ಬೇಡ ಬಿಡಿ! ಸಂಜೆ ಎರಡು ಗಂಟೆ ಟಿ.ವಿ. ಆರಿಸಿ, ಅಂಗಡಿಗೆ ಹೋಗು, ನೀರು ಹಿಡಿ ಅಂತ ಎಬ್ಬಿಸದೆ ಇದ್ದರೆ ನಮಗೆ ಅದೇ ದೊಡ್ಡದು.

1881ರಲ್ಲಿ ಬಿ.ಎ. ಪಾಸಾಯಿತು. ರಂಗಾಚಾರ್ಲು ಅವರು ದಿವಾನರಾಗಿದ್ದ ಕಾಲ ಅದು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಪುಣೆಯ ಸೈನ್ಸ್ ಕಾಲೇಜಿಗೆ ಹೋದರು. 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಅವರೇ ಮೊದಲನೆಯವರು. ಮರುವರ್ಷ ಬೊಂಬಾಯಿ ಸರ್ಕಾರದಲ್ಲಿ ಕೆಲಸ. ಆಮೇಲಿನ ಕನ್ನಂಬಾಡಿ ಕಟ್ಟೆಯ ಕಥೆ ಎಲ್ಲರಿಗೂ ಬಾಯಿಪಾಠ.

1912ರಲ್ಲಿ ದಿವಾನರಾಗುವ ಮುಂಚೆ ನೆಂಟರನ್ನೆಲ್ಲ ಊಟಕ್ಕೆ ಕರೆದು, ಶಿಫಾರಸು ಕೇಳಿಕೊಂಡು ಯಾರೂ ಬರಬಾರದು, ಒಪ್ಪಿದರೆ ಮಾತ್ರ ಈ ಹುದ್ದೆ ಅಂತ ಕರಾರು ಹಾಕಿದರಂತೆ. ನೆಂಟರ ಮನೆಯಲ್ಲಿ ಉಂಡು ಓದಿದವರಿಗೆ ಹೀಗೆ ಹೇಳೋದು ಸುಲಭವಾಗಿರಲಿಕ್ಕಿಲ್ಲ ಅಂತ ನನಗೆ ಅನಿಸುತ್ತದೆ. ಆದರೆ ಅವರು ದಿವಾನರಾಗಿದ್ದಾಗಲೇ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಶುರುವಾಯಿತು, ಮರುವರ್ಷ ಬೆಂಗಳೂರಿಗೆ ಎಂಜಿನಿಯರಿಂಗ್ ಕಾಲೇಜು ಬಂತು. ಓದೋಕೆ ಪುಣೆಗೇ ಹೋಗಬೇಕು ಅನ್ನುವುದು ನಮ್ಮವರಿಗೆ ತಪ್ಪಿತು.

1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್ 14ರಂದು, ನೂರು ವರ್ಷ ದಾಟಿದ ಮೇಲೆ, ತೀರಿಕೊಂಡರು. ಮುದ್ದೇನಹಳ್ಳಿಯಲ್ಲಿ ಅವರ ಸ್ಮಾರಕವಿದೆ. ಅಷ್ಟು ದೂರ ಆಗದಿದ್ದರೆ ನಮ್ಮ ನಾಗಸಂದ್ರದಲ್ಲೇ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗದ ರೈಲು ಹಿಡಿಯಿರಿ. ವಿಧಾನಸೌಧದ ಕಡೆಗೆ ಮುಂದಿನ ನಿಲ್ದಾಣಕ್ಕೆ ಅವರದೇ ಹೆಸರು, ಪಕ್ಕದಲ್ಲೇ ಅವರು ಓದಿದ ಸೆಂಟ್ರಲ್ ಕಾಲೇಜು. ಒಂದು ಭಾನುವಾರ ಅಪ್ಪ ಅಮ್ಮನನ್ನೂ ಕರಕೊಂಡು ಹೋಗಿ ನೋಡಿಬನ್ನಿ.