ನೌಕರಿಯಾಚೆಯ ಪ್ರಶ್ನೆ: ಜಾನ್ ಬೆಲ್

ಕ್ವಾಂಟಂ ಕಂಪ್ಯೂಟಿಂಗ್ ಅಂದ ಕೂಡಲೇ ನಾವು ಕ್ಯೂಬಿಟ್, ಎಂಟ್ಯಾಂಗಲ್‌ಮೆಂಟ್ ಅಂತ ಶುರು ಮಾಡ್ತೀವಿ. ಈ ಎಂಟ್ಯಾಂಗಲ್‌ಮೆಂಟ್ ಬರೀ ಹರಟೆಯ ವಿಷಯವಲ್ಲ, ಲ್ಯಾಬಿನಲ್ಲಿ ಅಳೆದು ನೋಡಬಹುದು ಎಂದು ದಾರಿ ತೋರಿಸಿದವರ ನೌಕರಿ ಮಾತ್ರ ಬೇರೆಯೇ ಆಗಿತ್ತು.

ಜಾನ್ ಸ್ಟೀವರ್ಟ್ ಬೆಲ್ ಹುಟ್ಟಿದ್ದು 1928ರಲ್ಲಿ, ಬೆಲ್‌ಫಾಸ್ಟ್‌ನಲ್ಲಿ. ಮನೆಯಲ್ಲಿ ಬಡತನ. 16ನೇ ವಯಸ್ಸಿಗೆ ಶಾಲೆ ಮುಗಿಸಿ ಕ್ವೀನ್ಸ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಲ್ಯಾಬಿಗೆ ಟೆಕ್ನಿಶಿಯನ್ ಆಗಿ ಸೇರಿದರು. ಮರುವರ್ಷ ಅಲ್ಲೇ ವಿದ್ಯಾರ್ಥಿಯಾದರು.

ಕ್ವಾಂಟಂ ಮೆಕ್ಯಾನಿಕ್ಸ್ ಪಾಠ ಅವರಿಗೆ ಸಮಾಧಾನ ಕೊಡಲಿಲ್ಲ. ಲೆಕ್ಕವೇನೋ ಸರಿ ಬರುತ್ತೆ. ಆದರೆ ಅಳೆಯುವ ಮೊದಲು ಕಣಕ್ಕೆ ನಿಶ್ಚಿತ ಗುಣ ಅಂತ ಒಂದು ಇರುತ್ತಾ, ಇಲ್ವಾ? ಮೇಷ್ಟ್ರ ಜೊತೆ ವಾದಕ್ಕಿಳಿದರೂ ಉತ್ತರ ಸಿಗಲಿಲ್ಲ. ಹೊಟ್ಟೆಪಾಡೂ ನೋಡಬೇಕಲ್ಲ! ಮೊದಲು ಬ್ರಿಟನ್ನಿನ ಪರಮಾಣು ಸಂಶೋಧನಾ ಸಂಸ್ಥೆ, 1960ರಿಂದ ಜಿನೀವಾದ ಸರ್ನ್. ಕಣ ವೇಗವರ್ಧಕಗಳು, ಕಣಭೌತಶಾಸ್ತ್ರ, ಇದು ಅವರ ದಿನದ ಕೆಲಸ. ಹಳೆಯ ಪ್ರಶ್ನೆಗೆ ಉಳಿದದ್ದು ಬಿಡುವಿನ ಹೊತ್ತು.

1964ರಲ್ಲಿ, ಸರ್ನ್‌ನಿಂದ ರಜೆ ಪಡೆದು ಅಮೆರಿಕದಲ್ಲಿದ್ದಾಗ, ಆ ಹೊತ್ತು ಸಿಕ್ಕಿತು. ದೂರ ದೂರದ ಎರಡು ಕಣಗಳ ಉತ್ತರ ಮೊದಲೇ ನಿಗದಿಯಾಗಿದ್ದು, ಒಂದರ ಅಳತೆ ಇನ್ನೊಂದನ್ನು ಮುಟ್ಟದಿದ್ದರೆ, ಎರಡರ ಫಲಿತಾಂಶಗಳ ಹೊಂದಾಣಿಕೆಗೆ ಒಂದು ಮಿತಿ ಇರಲೇಬೇಕು. ಕ್ವಾಂಟಂ ಲೆಕ್ಕ ಆ ಮಿತಿಯನ್ನು ದಾಟುತ್ತೆ ಎಂದು ಅವರು ತೋರಿಸಿದರು. 1969ರಲ್ಲಿ ಬೇರೆಯವರು ಪ್ರಯೋಗಕ್ಕೆ ಒಗ್ಗಿಸಿದ ರೂಪದಲ್ಲಿ ಆ ಮಿತಿ 2. ಕ್ವಾಂಟಂ ಲೆಕ್ಕ ಸುಮಾರು 2.83ರವರೆಗೆ ಹೋಗುತ್ತೆ.

ಲೇಖನ ಬಂದದ್ದು ‘ಫಿಸಿಕ್ಸ್’ ಎಂಬ ಹೊಸ ಪತ್ರಿಕೆಯಲ್ಲಿ. ಅದು ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಲೇಖನವನ್ನೂ ಬಹುಕಾಲ ಕೇಳುವವರಿರಲಿಲ್ಲ. ಕೊನೆಗೆ 1972ರಲ್ಲಿ ಫ್ರೀಡ್‌ಮನ್ ಮತ್ತು ಕ್ಲೌಸರ್, 1982ರಲ್ಲಿ ಫ್ರಾನ್ಸಿನ ಆಸ್ಪೆ ತಂಡ ಅಳೆದು ನೋಡಿದರು. ಮಿತಿ ದಾಟಿತ್ತು. ಗಮನಿಸಿ, ಬೆಲ್ ಅವರ ಮನಸ್ಸು ಇದ್ದದ್ದು ಕ್ವಾಂಟಂ ಸಿದ್ಧಾಂತ ಅಪೂರ್ಣ ಎನ್ನುತ್ತಿದ್ದ ಐನ್‌ಸ್ಟೈನ್ ಕಡೆಗೆ. ತಮಗೆ ಇಷ್ಟವಾದ ಪಕ್ಷವೇ ಸೋಲಬಹುದಾದ ಪರೀಕ್ಷೆಯನ್ನು ಅವರೇ ಬರೆದಿದ್ದರು. ಸೋತಾಗ ಒಪ್ಪಿಕೊಂಡರು.

1990ರ ಅಕ್ಟೋಬರ್ 1ರಂದು, 62ನೇ ವಯಸ್ಸಿಗೆ, ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಮರುವರ್ಷವೇ ಆರ್ಟುರ್ ಎಕರ್ಟ್ ಬೆಲ್ ಪ್ರಮೇಯ ಬಳಸಿ ಗುಪ್ತ ಕೀಲಿ ಹಂಚುವ ವಿಧಾನ ಪ್ರಕಟಿಸಿದರು. 2022ರಲ್ಲಿ ಕ್ಲೌಸರ್, ಆಸ್ಪೆ, ಟ್ಸೈಲಿಂಗರ್ ಅವರಿಗೆ ನೊಬೆಲ್ ಬಂತು. ತೀರಿಹೋದವರಿಗೆ ಅದನ್ನು ಕೊಡುವುದಿಲ್ಲ.

ನಾಳೆ ನಮಗೂ ಯಾವುದೋ ಕಂಪನಿ, ಯಾವುದೋ ಪ್ರಾಜೆಕ್ಟ್ ಸಿಗುತ್ತೆ. ಕ್ಲಾಸಲ್ಲಿ ಕೇಳಿ ಉತ್ತರ ಸಿಗದ ಪ್ರಶ್ನೆ ಒಂದಿದ್ದರೆ, ಆಫರ್ ಲೆಟರ್ ಬಂತು ಅಂತ ಅದನ್ನು ಹಾಸ್ಟೆಲ್ ರೂಮಲ್ಲೇ ಬಿಟ್ಟು ಹೋಗೋದು ಬೇಡ.